ರಸ್ತೆಗೂ ಟ್ರ್ಯಾಕಿಗೂ ಒಂದೇ ಬೈಕಾ? ಬ್ರೇಕ್ ಪ್ಯಾಡ್ ಆರಿಸುವುದು ಹೀಗೆ

ವಾರವಿಡೀ ಕೆಲಸಕ್ಕೆ ಹೋಗಿಬರುವ ಬೈಕನ್ನೇ ರಜೆ ದಿನ ರೇಸ್ ಟ್ರ್ಯಾಕಿಗೆ ಒಯ್ಯುವವರು ಬ್ರೇಕ್ ಪ್ಯಾಡ್ ವಿಷಯದಲ್ಲಿ ಒಂದು ತಪ್ಪು ಲೆಕ್ಕ ಹಾಕುತ್ತಾರೆ. 200 ಕಿ.ಮೀ. ವೇಗದಿಂದ ನಿಲ್ಲಿಸುವ ರೇಸ್ ಪ್ಯಾಡ್, ರಸ್ತೆಯ 50 ಕಿ.ಮೀ. ವೇಗವನ್ನು ಇನ್ನೂ ಸಲೀಸಾಗಿ ನಿಲ್ಲಿಸುತ್ತದೆ ಅಂತ. ಹಾಗೆ ಆಗುವುದಿಲ್ಲ. ಪಕ್ಕಾ ರೇಸ್ ಪ್ಯಾಡುಗಳಲ್ಲಿ ಹೆಚ್ಚಿನವಕ್ಕೆ ಬಿಸಿಯಾಗದೆ ಕೆಲಸ ಬರುವುದಿಲ್ಲ. ಬೆಳಗ್ಗೆ ಗೇಟು ದಾಟಿ ಎರಡನೇ ತಿರುವಿನಲ್ಲೇ ಯಾರೋ ಅಡ್ಡ ಬಂದರೆ, ಪ್ಯಾಡಿಗೆ ಬಿಸಿಯಾಗಲು ಸಮಯ ಎಲ್ಲಿರುತ್ತದೆ?

ಆದ್ದರಿಂದ ಎರಡೂ ಕಡೆ ಓಡಿಸುವವರು ಲೆಕ್ಕವನ್ನು ತಣ್ಣಗಿನ ತುದಿಯಿಂದ ಶುರು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ದಿನದ ಮೊದಲ ಬ್ರೇಕಿಗೆ, ಮಳೆಯಲ್ಲಿ ನೆನೆದ ಡಿಸ್ಕಿಗೆ ಈ ಪ್ಯಾಡ್ ಹೇಗೆ ಹಿಡಿಯುತ್ತದೆ? ಅದರಲ್ಲಿ ಪಾಸಾದ ಪ್ಯಾಡುಗಳ ನಡುವೆ ಮಾತ್ರ, ಯಾವುದು ಟ್ರ್ಯಾಕಿನ ಬಿಸಿ ತಡೆಯುತ್ತದೆ ಅಂತ ನೋಡಬೇಕು. ಹಿಂದುಮುಂದು ಮಾಡಿದರೆ ಅಪಾಯ ರಸ್ತೆಯಲ್ಲಿ ಕಾಯುತ್ತಿರುತ್ತದೆ.

ಬಿಸಿ ಅಂದರೆ ಎಷ್ಟು ಬಿಸಿ?

ಬೈಕ್, ಸವಾರ ಸೇರಿ 260 ಕೆ.ಜಿ. ಅಂತ ಇಟ್ಟುಕೊಳ್ಳಿ. ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ ಪೂರ್ತಿ ನಿಲ್ಲಿಸಿದರೆ ಸುಮಾರು 36 ಕಿಲೋಜೌಲ್ ಶಕ್ತಿ ಬಿಸಿಯಾಗಿ ಹೋಗಬೇಕು. ಟ್ರ್ಯಾಕಿನ ನೇರ ಹಾದಿಯ ಕೊನೆಗೆ 200ರಿಂದ 80ಕ್ಕೆ ಇಳಿಸಿದರೆ ಅದು ಸುಮಾರು 337 ಕಿಲೋಜೌಲ್. ಒಂಬತ್ತು ಪಟ್ಟಿಗೂ ಜಾಸ್ತಿ. ಅದೂ ಬೈಕ್ ಪೂರ್ತಿ ನಿಲ್ಲದೆಯೇ.

ಇದನ್ನು ಡಿಸ್ಕಿನ ಕಡೆಯಿಂದ ನೋಡೋಣ. ಮುಂದಿನ ಎರಡು ಡಿಸ್ಕ್ ಸೇರಿ ಎರಡೂವರೆ ಕೆ.ಜಿ. ಉಕ್ಕು ಅಂದುಕೊಂಡರೆ, ರಸ್ತೆಯ ಆ ಬ್ರೇಕಿಗೆ ಡಿಸ್ಕ್ 30 ಡಿಗ್ರಿ ಕೂಡ ಏರುವುದಿಲ್ಲ. ಟ್ರ್ಯಾಕಿನ ಆ ಒಂದೇ ಬ್ರೇಕಿಗೆ, ಗಾಳಿಯೂ ಎಂಜಿನ್ನೂ ಹೊರುವ ಪಾಲು ಕಳೆದರೂ, 200 ಡಿಗ್ರಿ ಆಸುಪಾಸು ಏರುತ್ತದೆ. ಅದು ಆರುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ. ರಸ್ತೆಯಲ್ಲಿ ಪ್ಯಾಡ್ ಹೆಚ್ಚು ಹೊತ್ತು ತಣ್ಣಗೆ, ಟ್ರ್ಯಾಕಿನಲ್ಲಿ ಹೆಚ್ಚು ಹೊತ್ತು ಕೆಂಡಾಮಂಡಲ. ಎರಡೂ ತುದಿಗಳಲ್ಲಿ ಒಂದೇ ರೀತಿ ಹಿಡಿಯುವ ಪ್ಯಾಡ್ ಮಿಶ್ರಣ ಇಲ್ಲ. ಎರಡನ್ನೂ ಸಾಕಷ್ಟು ಚೆನ್ನಾಗಿ ಮಾಡುವವು ಇವೆ, ಅಷ್ಟೆ.

ಹೆಜ್ಜೆ 1: ನಿಮ್ಮ ಓಡಾಟ ಎಂಥದ್ದು ಅಂತ ಬರೆದುಕೊಳ್ಳಿ

ಇದನ್ನು ಯಾರಿಗೂ ತೋರಿಸಬೇಕಾಗಿಲ್ಲ, ಹಾಗಾಗಿ ನಿಜ ಬರೆಯಿರಿ. ವರ್ಷಕ್ಕೆ ಎಷ್ಟು ಸಲ ಟ್ರ್ಯಾಕ್? ಹೊಸಬರ ಗುಂಪಿನಲ್ಲೋ, ವೇಗದವರ ಗುಂಪಿನಲ್ಲೋ? ಟ್ರ್ಯಾಕಿಗೆ ಬೈಕ್ ಓಡಿಸಿಕೊಂಡೇ ಹೋಗುತ್ತೀರೋ, ಗಾಡಿಯಲ್ಲಿ ಹೇರಿಕೊಂಡು ಹೋಗುತ್ತೀರೋ? ಮಳೆಯಲ್ಲೂ ಓಡಿಸುತ್ತೀರಾ? ಬೈಕ್ ಹಗುರವೋ ಭಾರವೋ?

ಟ್ರ್ಯಾಕಿನ ಸ್ವಭಾವವೂ ಲೆಕ್ಕಕ್ಕೆ ಬರುತ್ತದೆ. ಉದ್ದ ನೇರ ಹಾದಿ, ಅದರ ಕೊನೆಗೆ ಬಿಗಿ ತಿರುವು, ಮತ್ತೆ ನೇರ ಹಾದಿ ಇರುವ ಕಡೆ ಬ್ರೇಕಿಗೆ ಉಸಿರಾಡಲು ಸಮಯವೇ ಇಲ್ಲ. ಹರಿಯುವ ತಿರುವುಗಳ ಟ್ರ್ಯಾಕಿನಲ್ಲಿ ವೇಗ ಇದ್ದರೂ ಬ್ರೇಕಿಗೆ ಅಷ್ಟು ಕಷ್ಟ ಇಲ್ಲ.

ವರ್ಷಕ್ಕೆ ಎರಡು ಮೂರು ಸಲ, ಮಧ್ಯಮ ವೇಗದಲ್ಲಿ, 300-400 ಸಿಸಿ ಹಗುರ ಬೈಕಿನಲ್ಲಿ ಹೋಗುವವರಿಗೆ ಕಂಪನಿಯ ಪ್ಯಾಡೇ ಸಾಕಾಗಬಹುದು. ಆ ದುಡ್ಡನ್ನು ಒಳ್ಳೆಯ ಬ್ರೇಕ್ ಆಯಿಲ್‌ಗೆ ಹಾಕಿದರೆ ಲಾಭ ಜಾಸ್ತಿ.

ಹೆಜ್ಜೆ 2: ಪ್ಯಾಡ್ ಕೊಳ್ಳುವ ಮೊದಲು ಆಯಿಲ್, ಡಿಸ್ಕ್ ನೋಡಿ

"ಟ್ರ್ಯಾಕಿನಲ್ಲಿ ನಾಲ್ಕು ಲ್ಯಾಪ್ ಆದಮೇಲೆ ಬ್ರೇಕ್ ಹೋಗುತ್ತದೆ, ಯಾವ ಪ್ಯಾಡ್ ಹಾಕಲಿ?" ಅಂತ ಕೇಳುವವರಿಗೆ ನಾನು ವಾಪಸ್ ಕೇಳುವುದು ಒಂದೇ: ಲಿವರ್ ಹೇಗಾಗುತ್ತದೆ? ಲಿವರ್ ಮೆತ್ತಗಾಗಿ ಹ್ಯಾಂಡಲ್ ಹತ್ತಿರ ಬರುತ್ತದೆ ಅಂದರೆ ಪ್ಯಾಡನ್ನು ಬೈಯುವುದು ಬಿಡಿ. ಅದು ಆಯಿಲ್ ಕುದಿಯುತ್ತಿರುವ ಗುರುತು.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಹೀರಿಕೊಂಡಷ್ಟೂ ಕುದಿಯುವ ಮಟ್ಟ ಇಳಿಯುತ್ತದೆ. ಡಾಟ್ ಅನ್ನುವುದು ಬ್ರೇಕ್ ಆಯಿಲ್‌ನ ದರ್ಜೆಯ ಗುರುತು. ಡಾಟ್ 4 ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅನ್ನುವುದು ನಿಯಮ. ಶೇಕಡಾ 3.7ರಷ್ಟು ನೀರು ಸೇರಿದಮೇಲೆ ಆ ಕನಿಷ್ಠ ಮಟ್ಟ 155 ಡಿಗ್ರಿ. ಡಾಟ್ 5.1ಕ್ಕೆ ಇವು 260 ಮತ್ತು 180. ರೇಸ್‌ಗೆಂದೇ ಮಾಡಿದ ಆಯಿಲ್‌ಗಳು ಹೊಸದರಲ್ಲಿ 300 ಡಿಗ್ರಿ ದಾಟುತ್ತವೆ, ಆದರೆ ಅವನ್ನು ಬೇಗ ಬೇಗ ಬದಲಾಯಿಸುತ್ತಿರಬೇಕು. ಮೂರು ವರ್ಷದ ಹಳೇ ಡಾಟ್ 4 ಇಟ್ಟುಕೊಂಡು ದುಬಾರಿ ಪ್ಯಾಡ್ ಹಾಕಿದರೆ ಏನೂ ಬದಲಾಗುವುದಿಲ್ಲ. ರಸ್ತೆಗೆ ಎರಡು ವರ್ಷಕ್ಕೊಮ್ಮೆ ಬದಲಾಯಿಸುವುದು ರೂಢಿ. ಟ್ರ್ಯಾಕಿಗೆ ಹೋಗುವುದಿದ್ದರೆ ಆ ಸೀಸನ್ ಶುರುವಾಗುವ ಮೊದಲು ಹೊಸ ಆಯಿಲ್ ಹಾಕಿಸಿ, ಬ್ರೇಕ್ ಪೈಪಿನೊಳಗಿನ ಗಾಳಿ ತೆಗೆಸಿ. ಡಾಟ್ 5 ಅಂತ ಬರೀ ಐದು ಬರೆದಿದ್ದರೆ ಅದು ಸಿಲಿಕಾನ್ ಆಯಿಲ್. ಅದನ್ನು ಡಾಟ್ 4ರ ಜೊತೆ ಬೆರೆಸಲೇಬಾರದು. ಡಾಟ್ 5.1 ಬೇರೆ ಜಾತಿ, ಅದು ಡಾಟ್ 4ರ ಬಳಗದ್ದೇ.

ಇನ್ನು ಡಿಸ್ಕ್. ಅದರ ಮಧ್ಯದ ಭಾಗದಲ್ಲೋ ಅಂಚಿನಲ್ಲೋ ಕನಿಷ್ಠ ದಪ್ಪವನ್ನು ಮಿಲಿಮೀಟರ್ ಲೆಕ್ಕದಲ್ಲಿ ಕೊರೆದಿರುತ್ತಾರೆ. ಮೈಕ್ರೋಮೀಟರ್ ಇಟ್ಟು ಪ್ಯಾಡ್ ಉಜ್ಜುವ ಜಾಗದಲ್ಲೇ ಅಳೆಯಿರಿ. ಹೊರ ಅಂಚಿನಲ್ಲಿ ಸವೆಯದ ಏಣು ಉಳಿದಿರುತ್ತದೆ, ಅದನ್ನು ಸೇರಿಸಿ ಅಳೆದರೆ ಲೆಕ್ಕ ತಪ್ಪುತ್ತದೆ. ಡಿಸ್ಕ್ ತೆಳುವಾದಷ್ಟೂ ಬಿಸಿ ಹೊರುವ ಉಕ್ಕು ಕಡಿಮೆ, ಹಾಗಾಗಿ ಅದೇ ಬ್ರೇಕಿಂಗಿಗೆ ಜಾಸ್ತಿ ಕಾಯುತ್ತದೆ.

ಡಿಸ್ಕ್ ಯಾವ ಲೋಹದ್ದು ಅನ್ನುವುದೂ ಮುಖ್ಯ. ಈಗಿನ ದೊಡ್ಡ ಬೈಕುಗಳ ಸ್ಟೀಲ್ ಡಿಸ್ಕ್ ಸಿಂಟರ್ಡ್ (ಲೋಹದ ಪುಡಿಯ) ಪ್ಯಾಡನ್ನು ತಾಳಿಕೊಳ್ಳುತ್ತದೆ. ಹಳೇ ಬೈಕುಗಳ ಬೀಡುಕಬ್ಬಿಣದ ಡಿಸ್ಕಿಗೆ ಸಿಂಟರ್ಡ್ ಹಾಕಬಾರದು, ಬೇಗ ತಿಂದುಹಾಕುತ್ತದೆ. ಆರ್ಗ್ಯಾನಿಕ್ (ನಾರು, ರಾಳದ) ಪ್ಯಾಡಿಗೆಂದೇ ಡಿಸ್ಕ್ ಕೊಟ್ಟ ಸಣ್ಣ ಬೈಕುಗಳೂ ಇವೆ. ಮ್ಯಾನ್ಯುಯಲ್ ನೋಡಿ, ಇಲ್ಲವೇ ಕಂಪನಿಯಿಂದ ಬಂದ ಪ್ಯಾಡ್ ಯಾವ ಜಾತಿ ಅಂತ ನೋಡಿ.

ಹೆಜ್ಜೆ 3: ಪ್ಯಾಡಿನ ಜಾತಿ ತಿಳಿದುಕೊಳ್ಳಿ

ಆರ್ಗ್ಯಾನಿಕ್ ಪ್ಯಾಡಿನಲ್ಲಿ ನಾರು, ಪುಡಿಗಳನ್ನು ರಾಳದಿಂದ ಅಂಟಿಸಿರುತ್ತಾರೆ. ತಣ್ಣಗಿರುವಾಗ ಮೆದುವಾಗಿ ಹಿಡಿಯುತ್ತದೆ, ಸದ್ದು ಕಡಿಮೆ, ಡಿಸ್ಕ್ ಸವೆಸುವುದೂ ಕಡಿಮೆ. ಆದರೆ ತುಂಬಾ ಬಿಸಿಯಾದರೆ ಆ ರಾಳ ಕೆಡುತ್ತದೆ, ಅನಿಲ ಬಿಡುತ್ತದೆ, ಹಿಡಿತ ಜಾರುತ್ತದೆ. ಮಳೆಯಲ್ಲಿ ಮೊದಲ ಹಿಡಿತ ಸ್ವಲ್ಪ ತಡ. ಬರೀ ರಸ್ತೆಗೆ, ಹಿಂದಿನ ಚಕ್ರಕ್ಕೆ, ಹಳೇ ಬೈಕಿಗೆ ಒಳ್ಳೆಯದು. ದೊಡ್ಡ ಬೈಕಿನಲ್ಲಿ ಟ್ರ್ಯಾಕಿಗೆ ಬೇಡ.

ಸಿಂಟರ್ಡ್ ಪ್ಯಾಡ್ ಲೋಹದ ಪುಡಿಯದ್ದು, ಹೆಚ್ಚಾಗಿ ತಾಮ್ರ ಸೇರಿದ್ದು. ಕರಗಿಸದೆ, ಒತ್ತಡ ಮತ್ತು ಶಾಖದಲ್ಲಿ ಬೆಸೆದು ಗಟ್ಟಿ ಮಾಡಿರುತ್ತಾರೆ. ತಣ್ಣಗಿದ್ದಾಗಲೂ ಹಿಡಿಯುತ್ತದೆ, ನೆನೆದಾಗಲೂ ಹಿಡಿಯುತ್ತದೆ, ಬಿಸಿಯಲ್ಲೂ ನಿಲ್ಲುತ್ತದೆ. ಬಾಳಿಕೆಯೂ ಚೆನ್ನಾಗಿದೆ. ಎರಡೂ ಕಡೆ ಓಡಿಸುವವರು ಕೊನೆಗೆ ಇಲ್ಲಿಗೇ ಬಂದು ನಿಲ್ಲುವುದು ಈ ಕಾರಣಕ್ಕೆ. ಆದರೆ ಇದಕ್ಕೆ ಒಂದು ಬೆಲೆ ಇದೆ, ಅದನ್ನು ಪ್ಯಾಕೆಟ್ ಮೇಲೆ ಯಾರೂ ಬರೆಯುವುದಿಲ್ಲ. ಲೋಹ ಶಾಖವನ್ನು ಚೆನ್ನಾಗಿ ಸಾಗಿಸುತ್ತದೆ. ಡಿಸ್ಕಿನ ಬಿಸಿ ಪ್ಯಾಡಿನ ಮೂಲಕ ಅದನ್ನು ಒತ್ತುವ ಪಿಸ್ಟನ್‌ಗೆ, ಅಲ್ಲಿಂದ ಆಯಿಲ್‌ಗೆ ಬೇಗ ಮುಟ್ಟುತ್ತದೆ. ಆರ್ಗ್ಯಾನಿಕ್ ತೆಗೆದು ಸಿಂಟರ್ಡ್ ಹಾಕಿದಮೇಲೆ "ಪ್ಯಾಡ್ ಬದಲಾಯಿಸಿದ ಮೇಲೇ ಲಿವರ್ ಮೆತ್ತಗಾಯ್ತು" ಅನ್ನುವವರ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ. ಅದಕ್ಕೇ ಎರಡನೇ ಹೆಜ್ಜೆಯಲ್ಲಿ ಆಯಿಲ್ ಬಗ್ಗೆ ಅಷ್ಟು ಕೊರೆದದ್ದು.

ನಡುವೆ ಸೆಮಿ ಸಿಂಟರ್ಡ್ ಅಥವಾ ಸೆಮಿ ಮೆಟಾಲಿಕ್ ಅನ್ನುವ ಜಾತಿ ಇದೆ. ರಾಳದಲ್ಲಿ ಸ್ವಲ್ಪ ಲೋಹ ಬೆರೆಸಿದ್ದು. ಟೂರಿಂಗಿಗೆ ಚೆನ್ನ. ಟ್ರ್ಯಾಕಿನ ವಿಷಯಕ್ಕೆ ಬಂದರೆ ಅತ್ತಲೂ ಅಲ್ಲ, ಇತ್ತಲೂ ಅಲ್ಲ.

ಆಮೇಲೆ ಪಕ್ಕಾ ರೇಸ್ ಪ್ಯಾಡುಗಳು. ಇವುಗಳಲ್ಲಿ ಸಿಂಟರ್ಡ್ ಮಿಶ್ರಣಗಳೂ ಇವೆ, ಕಾರ್ಬನ್ ಬೆರೆತ ಮಿಶ್ರಣಗಳೂ ಇವೆ. ಕಾರ್ಬನ್ ಮಿಶ್ರಣದ ಸುಖವೇ ಬೇರೆ. ತಟ್ಟನೆ ಕಚ್ಚುವುದಿಲ್ಲ, ಬೆರಳು ಎಷ್ಟು ಒತ್ತಿದರೆ ಅಷ್ಟು ಹಿಡಿಯುತ್ತದೆ, ಬಿಟ್ಟಂತೆ ಅಷ್ಟೇ ನಯವಾಗಿ ಬಿಡುತ್ತದೆ. ತಿರುವಿನೊಳಗೆ ಬ್ರೇಕ್ ಹಿಡಿದುಕೊಂಡೇ ಇಳಿಯುವವರಿಗೆ ಆ ಬಿಡುವಿಕೆ ಕಚ್ಚುವುದಕ್ಕಿಂತ ಮುಖ್ಯ. ಆದರೆ ತಣ್ಣಗಿದ್ದರೆ, ನೆನೆದಿದ್ದರೆ ನಂಬುವಂತಿಲ್ಲ. ರಸ್ತೆಗೆ ಇದು ಬೇಡವೇ ಬೇಡ.

ಹೆಜ್ಜೆ 4: ಪ್ಯಾಕೆಟ್ ಮೇಲಿನ ಅಕ್ಷರ ಓದಿ, ಆದರೆ ಅತಿಯಾಗಿ ನಂಬಬೇಡಿ

ಪ್ಯಾಡಿನ ಹಿಂಬದಿಯ ಉಕ್ಕಿನ ತಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ಸಂಖ್ಯೆಗಳ ಸಾಲಿನ ಕೊನೆಗೆ ಎಫ್‌ಎಫ್, ಜಿಜಿ, ಎಚ್‌ಎಚ್ ಥರದ ಎರಡು ಅಕ್ಷರ ಸಿಗಬಹುದು. ಅಮೆರಿಕದ ಎಸ್‌ಎಇ ಮಾನದಂಡದ ಘರ್ಷಣೆಯ ಗುರುತು ಅದು. ಮೊದಲ ಅಕ್ಷರ ತಣ್ಣಗಿನ ಹಿಡಿತ, ಎರಡನೆಯದು ಬಿಸಿಯ ಹಿಡಿತ. ಎಫ್ ಅಂದರೆ ಘರ್ಷಣಾಂಕ 0.35ರಿಂದ 0.45, ಜಿ ಅಂದರೆ 0.45ರಿಂದ 0.55, ಎಚ್ ಅಂದರೆ 0.55ಕ್ಕಿಂತ ಮೇಲೆ.

"ಎಚ್‌ಎಚ್ ಇದೆ, ಮುಗೀತು" ಅಂದುಕೊಳ್ಳುತ್ತಾರೆ. ಅಲ್ಲೇ ಸ್ವಲ್ಪ ನಿಲ್ಲಿ. ಆ ಪರೀಕ್ಷೆಯಲ್ಲಿ ತಣ್ಣಗೆ ಅಂದರೆ ಸುಮಾರು 93ರಿಂದ 204 ಡಿಗ್ರಿ. ಬಿಸಿ ಅಂದರೆ ಸುಮಾರು 149ರಿಂದ 343 ಡಿಗ್ರಿ. ಅದೂ ಒಂದು ಇಂಚಿನ ಚೌಕದ ತುಣುಕನ್ನು ಒಂದು ಡ್ರಮ್‌ಗೆ ಒತ್ತಿ ಅಳೆದದ್ದು. ಬೆಳಗ್ಗೆ ನಿಮ್ಮ ಬೈಕಿನ ಡಿಸ್ಕ್ 93 ಡಿಗ್ರಿ ಇರುತ್ತದಾ? ಟ್ರ್ಯಾಕಿನಲ್ಲಿ ಜೋರಾಗಿ ಓಡಿಸುವವರ ಡಿಸ್ಕ್ 343ಕ್ಕೇ ನಿಲ್ಲುತ್ತದಾ? ನಮಗೆ ಬೇಕಾದ ಎರಡು ತುದಿಗಳ ಬಗ್ಗೆಯೂ ಆ ಅಕ್ಷರಗಳು ಏನೂ ಹೇಳುವುದಿಲ್ಲ. ಮೇಲಾಗಿ 0.55 ದಾಟಿದ್ದೆಲ್ಲ ಎಚ್. ಎರಡು ಎಚ್‌ಎಚ್ ಪ್ಯಾಡುಗಳ ನಡುವೆಯೇ ಅಜಗಜಾಂತರ ಇರಬಹುದು.

ಕಂಪನಿಗಳ ಸ್ವಂತ ಗುರುತುಗಳು ಇದಕ್ಕಿಂತ ಉಪಯೋಗ. ಬಹುತೇಕ ಎಲ್ಲರದ್ದೂ ಒಂದೇ ಪದ್ಧತಿ: ಸಂಖ್ಯೆ ಪ್ಯಾಡಿನ ಆಕಾರ ಹೇಳುತ್ತದೆ, ಅದರ ಜೊತೆಗಿನ ಅಕ್ಷರ ಮಿಶ್ರಣ ಹೇಳುತ್ತದೆ. ಇಬಿಸಿಯಲ್ಲಿ ಬರೀ ಎಫ್‌ಎ ಮತ್ತು ಸಂಖ್ಯೆ ಇದ್ದರೆ ಆರ್ಗ್ಯಾನಿಕ್, ಕೊನೆಗೆ ಎಚ್‌ಎಚ್ ಬಂದರೆ ಸಿಂಟರ್ಡ್, ಜಿಪಿಎಫ್‌ಎಎಕ್ಸ್ ಅಂದರೆ ಟ್ರ್ಯಾಕಿಗೆ ಮಾತ್ರ. ಬ್ರೆಂಬೊದಲ್ಲಿ ಎಸ್‌ಎ ರಸ್ತೆಯ ಸಿಂಟರ್ಡ್, ಎಸ್‌ಸಿ ರಸ್ತೆ ಮತ್ತು ಟ್ರ್ಯಾಕ್ ಎರಡಕ್ಕೂ, ಜೆಡ್04 ರೇಸಿಗೆ. ವೆಸ್ರಾದ ಆರ್‌ಜೆಎಲ್, ಸಿಎಲ್ ಬ್ರೇಕ್ಸ್‌ನ ಎಕ್ಸ್‌ಬಿಕೆ5 ಕೂಡ ಜೋರು ರಸ್ತೆ ಸವಾರಿ ಮತ್ತು ಟ್ರ್ಯಾಕ್ ಡೇಗೆ ಅಂತಲೇ ಇರುವವು. ಎಸ್‌ಬಿಎಸ್‌ನ ಡಿಸಿ ಕಾರ್ಬನ್ ರೇಸ್ ಪ್ಯಾಡ್. ಆಕಾರದ ಸಂಖ್ಯೆ ಸರಿ ಇದೆ ಅಂತ ಅಂಗಡಿಯವರು ಕೊಟ್ಟದ್ದನ್ನು ಸುಮ್ನೆ ತಂದರೆ, ಕೈಗೆ ಬೇರೆಯೇ ಮಿಶ್ರಣ ಬರಬಹುದು.

ಯುರೋಪಿನ ರಸ್ತೆಗೆ ಒಪ್ಪಿಗೆ ಪಡೆದ ಪ್ಯಾಡಿನ ಹಿಂಬದಿಯಲ್ಲಿ ವೃತ್ತದೊಳಗಿನ ಇ ಅಕ್ಷರವೂ 90ಆರ್ ಅನ್ನುವುದೂ ಇರುತ್ತದೆ. ಟ್ರ್ಯಾಕಿಗೆ ಮಾತ್ರ ಅಂತ ಮಾರುವವುಗಳಲ್ಲಿ ಅದು ಇರುವುದಿಲ್ಲ. ನೀವು ಎಲ್ಲೇ ಓಡಿಸುತ್ತಿರಿ, "ರಸ್ತೆಗೆ ಸಲ್ಲದು" ಅಂತ ತಯಾರಕರೇ ಬರೆದಿದ್ದರೆ ನಂಬಿ. ಅದು ಬರೀ ಕಾನೂನಿಗೆ ಹೆದರಿ ಬರೆದದ್ದಲ್ಲ.

ಹೆಜ್ಜೆ 5: ಒಂದು ಸೆಟ್ಟೋ, ಎರಡು ಸೆಟ್ಟೋ?

ಬೈಕ್ ಓಡಿಸಿಕೊಂಡೇ ಟ್ರ್ಯಾಕಿಗೆ ಹೋಗಿ, ಓಡಿಸಿಕೊಂಡೇ ಮನೆಗೆ ಬರುವವರಾದರೆ ಹೆಚ್ಚು ಯೋಚನೆ ಬೇಡ. ಎರಡಕ್ಕೂ ಅಂತ ಇರುವ ಒಳ್ಳೆಯ ಸಿಂಟರ್ಡ್ ಪ್ಯಾಡ್ ಒಂದೇ ಸೆಟ್ ಸಾಕು. ಮಧ್ಯಮ ಗುಂಪಿನ ಸವಾರರು ಇದರ ಮಿತಿ ಮುಟ್ಟುವುದೇ ಅಪರೂಪ. ಲ್ಯಾಪ್ ಟೈಮ್ ಕಡಿಮೆಯಾಗಲಿಲ್ಲ ಅಂದರೆ ಕಾರಣ ಪ್ಯಾಡ್ ಆಗಿರುವುದಿಲ್ಲ, ಇದನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆ.

ವೇಗದ ಗುಂಪಿನಲ್ಲಿ ಓಡಿಸುತ್ತೀರಿ, ಬೈಕನ್ನು ಗಾಡಿಯಲ್ಲಿ ಒಯ್ಯುತ್ತೀರಿ, ಸೆಷನ್ ಕೊನೆಗೆ ಹಿಡಿತ ಇಳಿಯುವುದು ಅನುಭವಕ್ಕೆ ಬರುತ್ತಿದೆ. ಆಗ ಎರಡು ಸೆಟ್ ಇಡುವುದರಲ್ಲಿ ಅರ್ಥ ಇದೆ. ಆದರೆ ಇದು ಅಂದುಕೊಂಡಷ್ಟು ಸರಳ ಅಲ್ಲ. ಪ್ಯಾಡ್ ಬರೀ ಉಜ್ಜಿ ನಿಲ್ಲಿಸುವುದಿಲ್ಲ. ತನ್ನದೇ ವಸ್ತುವಿನ ತೆಳುವಾದ ಪದರವನ್ನು ಡಿಸ್ಕಿನ ಮೇಲೆ ಹಚ್ಚಿಕೊಂಡು, ಆ ಪದರದ ಮೇಲೆ ಕೆಲಸ ಮಾಡುತ್ತದೆ. ಒಂದು ಜಾತಿಯ ಪದರದ ಮೇಲೆ ಇನ್ನೊಂದು ಜಾತಿಯ ಪ್ಯಾಡ್ ತಂದು ಒತ್ತಿದರೆ ಹಿಡಿತ ಎಲ್ಲೋ ಜಾಸ್ತಿ, ಎಲ್ಲೋ ಕಡಿಮೆ. ಲಿವರ್ ಅದುರಲು ಶುರುವಾಗುತ್ತದೆ, "ಡಿಸ್ಕ್ ಬೆಂಡ್ ಆಗಿದೆ" ಅಂತ ಡಿಸ್ಕನ್ನೇ ಬದಲಾಯಿಸುತ್ತಾರೆ. ಪಾಪ, ಡಿಸ್ಕ್ ನೆಟ್ಟಗೇ ಇರುತ್ತದೆ.

ಎರಡು ಸೆಟ್ ಇಡುವುದಾದರೆ ಎರಡನ್ನೂ ಒಂದೇ ಕುಟುಂಬದಿಂದ ಆರಿಸಿ. ರಸ್ತೆಗೆ ಸಿಂಟರ್ಡ್ ಇದ್ದರೆ ಟ್ರ್ಯಾಕಿಗೂ ಅದೇ ತಯಾರಕರ ಸಿಂಟರ್ಡ್ ರೇಸ್ ಮಿಶ್ರಣ. ಕಾರ್ಬನ್ ಮಿಶ್ರಣವೇ ಬೇಕು ಅಂದರೆ ಅದಕ್ಕೆ ಬೇರೆ ಡಿಸ್ಕ್ ಜೋಡಿ ಇಡುವುದು ಒಳ್ಳೆಯದು. ಟ್ರ್ಯಾಕ್ ಟೈರ್ ಹಾಕಿದ ಬೇರೆ ಚಕ್ರಗಳನ್ನೇ ಇಟ್ಟುಕೊಂಡವರಿಗೆ ಇದು ತೊಂದರೆಯೇ ಅಲ್ಲ. ಡಿಸ್ಕ್ ಆ ಚಕ್ರದಲ್ಲೇ ಇರುತ್ತದೆ.

ತೆಗೆದಿಟ್ಟ ಪ್ಯಾಡಿನ ಹಿಂಬದಿಯಲ್ಲಿ ಮಾರ್ಕರ್‌ನಿಂದ ಎಡ-ಬಲ, ಒಳ-ಹೊರ ಅಂತ ಬರೆದಿಡಿ. ಪ್ರತಿ ಪ್ಯಾಡ್ ತನ್ನ ಜಾಗಕ್ಕೆ ತಕ್ಕಂತೆ ಸವೆದಿರುತ್ತದೆ. ಅದಲುಬದಲಾದರೆ ಮತ್ತೆ ಕೂರಲು ಸಮಯ ಬೇಕು.

ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಬೈಕಿನವರಿಗೆ ಒಂದು ಮಾತು. ತಯಾರಕರು ಎಬಿಎಸ್ ಅನ್ನು ಹೊಂದಿಸಿರುವುದು ಕಂಪನಿಯ ಪ್ಯಾಡಿನ ಹಿಡಿತಕ್ಕೆ. ತಟ್ಟನೆ ಕಚ್ಚುವ ಪ್ಯಾಡ್ ಹಾಕಿದರೆ, ಅದೇ ಬೆರಳಿನ ಒತ್ತಡಕ್ಕೆ ಎಬಿಎಸ್ ಮೊದಲಿಗಿಂತ ಬೇಗ ಎದ್ದು ಲಿವರ್ ನಡುಗಿಸಬಹುದು. ಕೆಟ್ಟಿದೆ ಅಂತ ಗಾಬರಿ ಬೇಡ, ಕೈ ಹೊಸದಾಗಿ ಕಲಿಯಬೇಕು ಅಷ್ಟೆ.

ಹೆಜ್ಜೆ 6: ಹಿಂದಿನ ಬ್ರೇಕ್

ಕಂಪನಿಯದ್ದೇ ಇರಲಿ. ಜೋರಾಗಿ ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ನೆಲಕ್ಕೆ ತಾಗಿದ್ದರೆ ಹೆಚ್ಚು. ಅಲ್ಲಿ ಕಚ್ಚುವ ಪ್ಯಾಡ್ ಹಾಕಿದರೆ ಚಕ್ರ ಲಾಕ್ ಆಗುತ್ತದೆ ಅನ್ನುವುದು ಬಿಟ್ಟರೆ ಬೇರೆ ಪ್ರಯೋಜನ ಇಲ್ಲ.

ಹೆಜ್ಜೆ 7: ಹಾಕುವಾಗ

ಮುಂದೆ ಎರಡು ಡಿಸ್ಕ್ ಇದ್ದರೆ ಎರಡೂ ಕಡೆಯ ಪ್ಯಾಡ್ ಒಟ್ಟಿಗೇ ಬದಲಾಯಿಸಿ. ಒಂದು ಕಡೆ ಹೊಸದು, ಒಂದು ಕಡೆ ಹಳೆಯದು ಬೇಡ.

ಹಳೇ ಪ್ಯಾಡ್ ತೆಗೆದಮೇಲೆ ಅದನ್ನು ಎಸೆಯುವ ಮೊದಲು ಒಮ್ಮೆ ಓದಿ. ಮೇಲ್ಮೈ ಗಾಜಿನ ಹಾಗೆ ಮಿನುಗುತ್ತಿದ್ದರೆ ಗ್ಲೇಜ್ ಆಗಿದೆ, ತನ್ನ ಶಕ್ತಿಗೆ ಮೀರಿ ಬಿಸಿಯಾಗಿದೆ ಇಲ್ಲವೇ ಸರಿಯಾಗಿ ಪಳಗಿಸಿಲ್ಲ. ಒಂದು ತುದಿ ತೆಳು, ಒಂದು ತುದಿ ದಪ್ಪ ಆಗಿದ್ದರೆ ಯಾವುದೋ ಪಿಸ್ಟನ್ ಸರಿಯಾಗಿ ಜಾರುತ್ತಿಲ್ಲ. ಅಂಚು ಪುಡಿಪುಡಿಯಾಗಿ ಉದುರುತ್ತಿದ್ದರೆ, ಬಿರುಕು ಬಿಟ್ಟಿದ್ದರೆ, ನಿಮ್ಮ ಓಡಾಟಕ್ಕೆ ಆ ಮಿಶ್ರಣ ಸಾಲುತ್ತಿಲ್ಲ. ಮುಂದಿನ ಪ್ಯಾಡ್ ಯಾವುದು ಅನ್ನುವುದನ್ನು ಯಾರ ಶಿಫಾರಸಿಗಿಂತ ಚೆನ್ನಾಗಿ ಈ ಹಳೇ ಪ್ಯಾಡ್ ಹೇಳುತ್ತದೆ. ಚೈನ್ ಆಯಿಲ್, ಫೋರ್ಕ್ ಆಯಿಲ್ ಹೀರಿಕೊಂಡ ಪ್ಯಾಡನ್ನು ಮಾತ್ರ ಓದುವುದೂ ಬೇಡ, ತೊಳೆಯುವುದೂ ಬೇಡ. ಬಿಸಾಡಿ.

ಪಿಸ್ಟನ್ ಒಳಗೆ ತಳ್ಳುವ ಮೊದಲು ಹೊರಗೆ ಕಾಣುವ ಭಾಗವನ್ನು ಸೋಪು ನೀರು, ಮೆತ್ತನೆ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಆ ಕೊಳೆಯ ಸಮೇತ ತಳ್ಳಿದರೆ ಸೀಲ್ ಹಾಳು. ಪ್ಯಾಡಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಮೂಗಿಗೆ ಹೋಗುತ್ತದೆ. ಪಿಸ್ಟನ್ ಒಳಗೆ ಹೋದಂತೆ ಮೇಲಿನ ಡಬ್ಬಿಯಲ್ಲಿ ಆಯಿಲ್ ಏರುತ್ತದೆ. ತುಂಬಿ ಚೆಲ್ಲಿದರೆ ಪೇಂಟ್ ಕಿತ್ತುಕೊಂಡು ಬರುತ್ತದೆ, ಬಟ್ಟೆ ಹಾಸಿಕೊಳ್ಳಿ.

ಡಿಸ್ಕಿನ ಮೇಲಿನ ಹಳೇ ಪದರವನ್ನು ನುಣುಪು ಎಮರಿ ಪೇಪರ್‌ನಿಂದ ಸುತ್ತಲೂ ಹಗುರಾಗಿ ಉಜ್ಜಿ, ಬ್ರೇಕ್ ಕ್ಲೀನರ್ ಹೊಡೆದು ಹೊಸ ಬಟ್ಟೆಯಿಂದ ಒರೆಸಿ. ಆಮೇಲೆ ಬೆರಳು ತಾಗಿಸಬೇಡಿ. ಪ್ಯಾಡ್, ಪಿಸ್ಟನ್ ಹಿಡಿದಿಟ್ಟುಕೊಂಡಿರುವ ಕ್ಯಾಲಿಪರಿನ ಬೋಲ್ಟನ್ನು ಮ್ಯಾನ್ಯುಯಲ್‌ನಲ್ಲಿ ಹೇಳಿದ ಅಳತೆಗೆ ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಪ್ಯಾಡ್ ಪಿನ್, ಅದರ ಕ್ಲಿಪ್ ಜಾಗದಲ್ಲಿ ಕೂತಿದೆಯಾ ನೋಡಿ.

ಆಮೇಲೆ ಬೈಕ್ ಕದಲಿಸುವ ಮೊದಲು ಲಿವರನ್ನು ಗಟ್ಟಿಯಾಗುವವರೆಗೂ ಒತ್ತಿ ಒತ್ತಿ ಬಿಡಿ. ಪಿಸ್ಟನ್ ಹಿಂದಕ್ಕೆ ಹೋಗಿರುತ್ತದೆ, ಮೊದಲ ಒತ್ತುಗಳಿಗೆ ಬ್ರೇಕೇ ಇರುವುದಿಲ್ಲ. ಇದನ್ನು ಮರೆತು ಗ್ಯಾರೇಜಿನ ಎದುರಿನ ಗೋಡೆಗೇ ಗುದ್ದಿದವರಿದ್ದಾರೆ.

ಹೆಜ್ಜೆ 8: ಪಳಗಿಸುವುದು

ಹೊಸ ಪ್ಯಾಡ್ ಡಿಸ್ಕಿನ ಮೈಗೆ ಹೊಂದಬೇಕು, ತನ್ನ ಪದರ ಹಚ್ಚಬೇಕು. ಖಾಲಿ ರಸ್ತೆಯಲ್ಲಿ 50-60 ವೇಗದಿಂದ ಹತ್ತರ ಆಸುಪಾಸಿಗೆ ನಯವಾಗಿ ಇಳಿಸಿ. ಹೀಗೆ ಹತ್ತು ಹನ್ನೆರಡು ಸಲ, ಪ್ರತಿ ಸಲಕ್ಕೂ ಸ್ವಲ್ಪ ಜೋರು ಮಾಡುತ್ತಾ. ನಡುವೆ ಗಾಳಿಗೆ ಆರಲು ಬಿಡಿ. ಪೂರ್ತಿ ನಿಲ್ಲಿಸಿ ಲಿವರ್ ಹಿಡಿದುಕೊಂಡೇ ಇರಬೇಡಿ. ಬಿಸಿ ಪ್ಯಾಡ್ ಒಂದೇ ಜಾಗದಲ್ಲಿ ಅಂಟಿಕೊಂಡು ಡಿಸ್ಕಿನ ಮೇಲೆ ತನ್ನ ಅಚ್ಚು ಒತ್ತುತ್ತದೆ. ತಯಾರಕರು ಬೇರೆ ಕ್ರಮ ಬರೆದಿದ್ದರೆ ಅದೇ ಸರಿ.

ಹೊಸ ಪ್ಯಾಡನ್ನು ನೇರವಾಗಿ ಟ್ರ್ಯಾಕಿನ ಮೊದಲ ಸೆಷನ್‌ಗೆ ಒಯ್ಯಬೇಡಿ. ರಾಳ ಇರುವ ಹೊಸ ಪ್ಯಾಡ್ ಮೊದಲ ದೊಡ್ಡ ಬಿಸಿಗೆ ಅನಿಲ ಬಿಡುತ್ತದೆ, ಒಂದೆರಡು ಬ್ರೇಕ್‌ಗಳಿಗೆ ಹಿಡಿತವೇ ಮಾಯ ಆಗಬಹುದು. ರೇಸ್ ಪ್ಯಾಡ್ ಆದರೆ ಅದನ್ನು ಪಳಗಿಸುವ ಜಾಗ ಟ್ರ್ಯಾಕೇ. ಮೊದಲ ಎರಡು ಮೂರು ಲ್ಯಾಪ್ ಬೇಗನೇ ಬ್ರೇಕ್ ಹಿಡಿದು ಮೆಲ್ಲಗೆ ಬಿಸಿ ಏರಿಸಿ, ಒಂದು ಲ್ಯಾಪ್ ಬ್ರೇಕ್ ಮುಟ್ಟದೆ ಆರಿಸಿ, ಟ್ರ್ಯಾಕ್ ಪಕ್ಕದ ನಿಲುಗಡೆ ಜಾಗವಾದ ಪಿಟ್‌ಗೆ ಬನ್ನಿ. ಪೂರ್ತಿ ತಣ್ಣಗಾದಮೇಲೆ ನಿಜವಾದ ಓಟ.

ಹೆಜ್ಜೆ 9: ಟ್ರ್ಯಾಕಿನಲ್ಲಿ ಲಿವರ್ ಏನು ಹೇಳುತ್ತಿದೆ?

ಲಿವರ್ ಗಟ್ಟಿಯಾಗೇ ಇದೆ, ಎಷ್ಟು ಒತ್ತಿದರೂ ಬೈಕ್ ನಿಧಾನ ಆಗುತ್ತಿಲ್ಲ ಅಂದರೆ ಪ್ಯಾಡ್ ಸೋತಿದೆ. ವೇಗ ಇಳಿಸಿ, ಮುಂದಿನ ಸಲಕ್ಕೆ ಮೇಲಿನ ದರ್ಜೆಯ ಮಿಶ್ರಣ ನೋಡಿ. ಲಿವರ್ ಮೆತ್ತಗಾಗಿ ಹ್ಯಾಂಡಲ್ ಕಡೆ ಬರುತ್ತಿದ್ದರೆ ಆಯಿಲ್ ಕುದಿದಿದೆ. ಇದು ಹೆಚ್ಚು ಅಪಾಯ, ಏಕೆಂದರೆ ಮುಂದಿನ ತಿರುವಿಗೆ ಲಿವರ್ ಪೂರ್ತಿ ಖಾಲಿ ಆಗಬಹುದು. ಕೈ ಎತ್ತಿ, ಪಕ್ಕಕ್ಕೆ ಸರಿದು ಪಿಟ್‌ಗೆ ಬನ್ನಿ.

ಮೂರನೆಯದು ಹೊಸಬರನ್ನು ಹೆದರಿಸುತ್ತದೆ. ಹ್ಯಾಂಡಲ್ ಜೋರಾಗಿ ಅಲುಗಾಡಿದ ಮೇಲೋ, ಉಬ್ಬುತಗ್ಗಿನ ಮೇಲೆ ವೇಗವಾಗಿ ಹೋದಮೇಲೋ ಮೊದಲ ಒತ್ತು ಖಾಲಿ, ಎರಡನೇ ಒತ್ತು ಸರಿ. ಡಿಸ್ಕ್ ಅಲುಗಿ ಪ್ಯಾಡುಗಳನ್ನು ಹಿಂದಕ್ಕೆ ತಳ್ಳಿರುತ್ತದೆ, ಅಷ್ಟೆ. ನೇರ ಹಾದಿಯಲ್ಲಿ ಬ್ರೇಕ್ ಜಾಗಕ್ಕೆ ಮುಂಚೆಯೇ ಲಿವರನ್ನು ಒಂದು ಬೆರಳಿಂದ ಹಗುರಾಗಿ ತಟ್ಟಿ ನೋಡುವುದು ಅನುಭವಿಗಳ ಅಭ್ಯಾಸ. ನೀವೂ ಕಲಿಯಿರಿ.

ಇದು ನಮ್ಮಂಥವರ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. 2020ರ ಆಗಸ್ಟ್‌ನಲ್ಲಿ ಆಸ್ಟ್ರಿಯಾದ ರೆಡ್ ಬುಲ್ ರಿಂಗ್‌ನಲ್ಲಿ ನಡೆದ ಸ್ಟಿರಿಯನ್ ಗ್ರ್ಯಾಂಡ್ ಪ್ರಿ ಮೋಟೋಜಿಪಿ ರೇಸಿನಲ್ಲಿ ಸವಾರ ಮಾವೆರಿಕ್ ವಿನ್ಯಾಲೆಸ್ ಅವರ ಮುಂದಿನ ಬ್ರೇಕ್ ಮೊದಲ ತಿರುವಿಗೆ ಕೈಕೊಟ್ಟಿತು. ಅವರು 200 ಕಿ.ಮೀ.ಗೂ ಮೇಲಿನ ವೇಗದಲ್ಲಿ ಬೈಕಿನಿಂದ ಹಾರಿ ಉಳಿದುಕೊಂಡರು. ಬೈಕ್ ಟ್ರ್ಯಾಕ್ ಅಂಚಿನ ಗಾಳಿ ತುಂಬಿದ ತಡೆಗೋಡೆಗೆ ಬಡಿದು ಹೊತ್ತಿ ಉರಿಯಿತು. ಬ್ರೇಕಿಗೆ ಉಸಿರು ಬಿಡದ ಟ್ರ್ಯಾಕ್ ಅಂದೆನಲ್ಲ, ಅಂಥವುಗಳಲ್ಲಿ ಅದೂ ಒಂದು.

ಸೆಷನ್ ಮುಗಿದಾಗ ಕೊನೆಯ ಲ್ಯಾಪಿನಲ್ಲಿ ಬ್ರೇಕನ್ನು ಆದಷ್ಟು ಕಡಿಮೆ ಬಳಸಿ. ಪಿಟ್‌ನಲ್ಲಿ ನಿಂತಾಗ ಮುಂದಿನ ಬ್ರೇಕ್ ಹಿಡಿದುಕೊಂಡಿರಬೇಡಿ, ಸ್ಟ್ಯಾಂಡ್ ಹಾಕಿ.

ಹೆಜ್ಜೆ 10: ಮನೆಗೆ ಹೊರಡುವ ಮುನ್ನ

ಟಾರ್ಚ್ ಹಾಕಿ ಪ್ಯಾಡಿನ ದಪ್ಪ ನೋಡಿ. ರಸ್ತೆಗೆ ಒಂದು, ಒಂದೂವರೆ ಮಿ.ಮೀ. ಉಳಿದಾಗ ಬದಲಾಯಿಸುವುದು ಸಾಮಾನ್ಯ. ಟ್ರ್ಯಾಕಿಗೆ ಅಷ್ಟು ಕಾಯಬೇಡಿ, 3 ಮಿ.ಮೀ. ಇರುವಾಗಲೇ ತೆಗೆಯಿರಿ. ಪ್ಯಾಡ್ ತೆಳುವಾದಷ್ಟೂ ಡಿಸ್ಕಿನ ಬಿಸಿಗೂ ಆಯಿಲ್‌ಗೂ ನಡುವಿನ ಅಡ್ಡಿ ಕಡಿಮೆಯಾಗುತ್ತದೆ. ತೆಗೆದದ್ದನ್ನು ರಸ್ತೆಯಲ್ಲಿ ಕೊನೆವರೆಗೂ ಬಳಸಬಹುದು, ವ್ಯರ್ಥವೇನಿಲ್ಲ. ರೇಸ್ ಪ್ಯಾಡ್ ಮಾತ್ರ ಹೀಗಲ್ಲ. ಅದನ್ನು ಅಲ್ಲೇ ಪಿಟ್‌ನಲ್ಲೇ ತೆಗೆದು ರಸ್ತೆಯ ಪ್ಯಾಡ್ ಹಾಕಿ.

ಕ್ಲಿಪ್, ಪಿನ್, ಕ್ಯಾಲಿಪರ್ ಬೋಲ್ಟ್ ಮತ್ತೊಮ್ಮೆ ನೋಡಿ. ಬ್ರೇಕ್ ತಣ್ಣಗಾದಮೇಲೆ ಲಿವರ್ ಒತ್ತಿ. ಬೆಳಗ್ಗೆ ಇದ್ದಷ್ಟೇ ಗಟ್ಟಿ ಇದ್ದರೆ ಸರಿ. ಮೆತ್ತಗೇ ಉಳಿದಿದ್ದರೆ ಬ್ರೇಕ್ ಪೈಪಿನಲ್ಲಿ ಗಾಳಿ ಸೇರಿದೆ, ಅಲ್ಲೇ ಗಾಳಿ ತೆಗೆಸಿ. ಅದಕ್ಕೆ ಅನುಕೂಲ ಇಲ್ಲದಿದ್ದರೆ ಬೈಕನ್ನು ಗಾಡಿಗೆ ಹೇರಿಸಿ ಕಳಿಸಿ.